ಶಾಲಿನ ಕೆಳಗಿನ ಆಂಪ್ಲಿಫೈಯರ್

ಕಳೆದ ವರ್ಷದ ರಾಜ್ಯೋತ್ಸವ. ಡೊಂಬಿವಲಿಯ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಸಂಘದ ಕಾರ್ಯಕ್ರಮ. ಧಾರವಾಡದ ಕಡೆಯ ಅಜ್ಜಿಯೊಬ್ಬರು ಪ್ರತಿ ವರ್ಷ ಒಂದು ಹಾಡು ಹಾಡುತ್ತಾರೆ. ಆ ಸಲ ಎರಡನೆಯ ಚರಣಕ್ಕೆ ಬಂದಾಗ ಮೈಕು ಬಂದ್. ಕರೆಂಟ್ ಹೋಗಿರಲಿಲ್ಲ, ಫ್ಯಾನುಗಳು ತಿರುಗುತ್ತಲೇ ಇದ್ದವು. ಅಜ್ಜಿ ಒಂದು ಕ್ಷಣ ನೋಡಿದರು, ಕೈ ಮುಗಿದು ಕೆಳಗಿಳಿದರು. ಎಷ್ಟು ಬೇಡಿಕೊಂಡರೂ ಮತ್ತೆ ವೇದಿಕೆ ಹತ್ತಲಿಲ್ಲ.

ನಾನು ಓಡಿಹೋಗಿ ನೋಡಿದೆ. ಸನ್ಮಾನಕ್ಕೆಂದು ತಂದ ಹತ್ತು ಶಾಲುಗಳನ್ನು ಯಾರೋ ಆಂಪ್ಲಿಫೈಯರ್ ಮೇಲೆ ಪೇರಿಸಿಟ್ಟಿದ್ದರು. ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿ, ಪೆಟ್ಟಿಗೆ ಕಾದು, ತನ್ನನ್ನು ತಾನೇ ಆಫ್ ಮಾಡಿಕೊಂಡಿತ್ತು.

ಮರುವಾರ ಕಮಿಟಿ ಸಭೆ. ಖಜಾಂಚಿಗಳು ನೇರವಾಗಿ ಕೇಳಿದರು: "ಸರ, ನೀವು ಎಲೆಕ್ಟ್ರಾನಿಕ್ಸ್‌ನಾಗ ಜೀವಮಾನ ಕಳದೀರಿ. ಈ ಪೆಟ್ಟಿಗಿ ಇಷ್ಟ್ಯಾಕ ಕಾಯ್ತದ? ಹೊಸಾದು ಕ್ಲಾಸ್ ಡಿ ಅಂತಾರಲ್ಲ, ಡಿಜಿಟಲ್, ಅದನ್ನ ತಗೊಳ್ಳೋಣೇನು?"

ಮೊದಲು ಹೇಳಿದ್ದು, ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆಗಲೇ ಬಳಕೆಯಲ್ಲಿದ್ದವು, ಮುಂದಿನ ಅಕ್ಷರ ಡಿ. ಅಷ್ಟೇ.

ಕಾಯುವುದೇಕೆ ಎಂಬುದಕ್ಕೆ ನಮ್ಮ ಮನೆಗಳ ಹಳೆಯ ಫ್ಯಾನ್ ರೆಗ್ಯುಲೇಟರ್ ನೆನಪಿಸಿಕೊಳ್ಳಿ. ಫ್ಯಾನ್ ನಿಧಾನ ಮಾಡಿದರೆ ಆ ದಪ್ಪ ಡಬ್ಬಿ ಬಿಸಿಯಾಗುತ್ತಿತ್ತು. ಫ್ಯಾನಿಗೆ ಬೇಡದ ಕರೆಂಟನ್ನು ಅದು ಶಾಖ ಮಾಡಿ ಕಳೆಯುತ್ತಿತ್ತು. ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್ ಕೂಡ ಹಾಗೆಯೇ. ಅರ್ಧ ತೆರೆದ ನಲ್ಲಿಯಂತೆ ಕೆಲಸ ಮಾಡಿದಷ್ಟೂ ಕಾಯುತ್ತದೆ.

ಕ್ಲಾಸ್ ಎ ಆಂಪ್ಲಿಫೈಯರ್‌ನಲ್ಲಿ ಈ ನಲ್ಲಿ ಸದಾ ಅರ್ಧ ತೆರೆದೇ ಇರುತ್ತದೆ, ಹಾಡು ಇರಲಿ ಬಿಡಲಿ. ಸಿಗ್ನಲ್‌ನಲ್ಲಿ ನಿಂತೂ ಎಂಜಿನ್ ಗುರ್ ಎನ್ನಿಸುವ ಆಟೋ ಇದ್ದಂತೆ. ದಕ್ಷತೆ ಲೆಕ್ಕದಲ್ಲೇ ಹೆಚ್ಚೆಂದರೆ ಶೇ. 50, ಸರಳ ಸರ್ಕೀಟಿನಲ್ಲಿ ಶೇ. 25. ಆದರೂ ದನಿ ಶುದ್ಧ ಎಂದು ಇದನ್ನು ಪ್ರೀತಿಸುವವರಿದ್ದಾರೆ.

ಕ್ಲಾಸ್ ಬಿಯಲ್ಲಿ ಟ್ರಾನ್ಸಿಸ್ಟರ್‌ಗಳು ಎರಡು. ದನಿಯ ಅಲೆಯ ಮೇಲಿನ ಅರ್ಧ ಒಂದಕ್ಕೆ, ಕೆಳಗಿನ ಅರ್ಧ ಇನ್ನೊಂದಕ್ಕೆ. ಒಂದು ದುಡಿಯುವಾಗ ಇನ್ನೊಂದಕ್ಕೆ ವಿರಾಮ. ದಕ್ಷತೆ ಶೇ. 78.5ರವರೆಗೆ ಏರುತ್ತದೆ. ಆದರೆ ಪಾಳಿ ಬದಲಾಗುವ ಘಳಿಗೆಯಲ್ಲಿ ದನಿ ಸ್ವಲ್ಪ ಒರಟಾಗುತ್ತದೆ. ಅದಕ್ಕೇ ಎರಡನ್ನೂ ತುಸು ಎಚ್ಚರವಾಗಿಟ್ಟರೆ ಅದು ಕ್ಲಾಸ್ ಎಬಿ. ನಮ್ಮ ಸಂಘದ್ದು ಇದೇ.

ಕ್ಲಾಸ್ ಡಿಯಲ್ಲಿ ಅರ್ಧ ತೆರೆಯುವ ಮಾತೇ ಇಲ್ಲ. ಟ್ರಾನ್ಸಿಸ್ಟರ್ ಒಂದೋ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಬದಲಾಗುತ್ತದೆ. ಆನ್ ಎಷ್ಟು ಹೊತ್ತು ಎಂಬುದರಲ್ಲೇ ದನಿ ಅಡಗಿರುತ್ತದೆ. ಕೊನೆಯಲ್ಲಿ ಒಂದು ಫಿಲ್ಟರ್ ಅದನ್ನು ಮತ್ತೆ ಹಾಡು ಮಾಡುತ್ತದೆ. ದಕ್ಷತೆ ಶೇ. 90ರ ಆಸುಪಾಸು.

"ಹಂಗಾರ 78ಕ್ಕೂ 90ಕ್ಕೂ ಏನ್ ಭಾಳ ವ್ಯತ್ಯಾಸರಿ?" ಎಂದರು ಖಜಾಂಚಿಗಳು. ಹಣ ಕಾಯುವವರು ಕೇಳಬೇಕಾದ ಪ್ರಶ್ನೆಯೇ.

ಉತ್ತರ ಇಲ್ಲಿದೆ: ಆ ಅಂಕಿಗಳೆಲ್ಲ ಪೂರ್ಣ ದನಿಯಲ್ಲಿ ಮಾತ್ರ. ನಾವು ಯಾರೂ ಹಾಗೆ ಬಾರಿಸುವುದಿಲ್ಲ. ಮಾತು, ಹಾಡು ಎಂದರೆ ಏರಿಳಿತ, ನಡುನಡುವೆ ಮೌನ. ಸಾಮಾನ್ಯ ಬಳಕೆಗೆ ಸರಾಸರಿ ಗರಿಷ್ಠದ ಎಂಟನೇ ಒಂದು ಭಾಗ ಎಂದು ಹಿಡಿಯುವುದು ರೂಢಿ. 200 ವ್ಯಾಟ್ ಆಂಪ್ಲಿಫೈಯರ್ ಆದರೆ ಸ್ಪೀಕರಿಗೆ ಹೋಗುವುದು 25 ವ್ಯಾಟ್. ಆ ಮಟ್ಟದಲ್ಲಿ ಕ್ಲಾಸ್ ಬಿಯ 78.5 ಇಳಿದು ಶೇ. 28 ಆಗುತ್ತದೆ. ಅಂದರೆ 25 ವ್ಯಾಟ್ ಕೊಡಲು ಸುಮಾರು 90 ವ್ಯಾಟ್ ಎಳೆಯುತ್ತದೆ, ಉಳಿದ 65 ಶಾಖ. ಎಬಿ ಇನ್ನೂ ಸ್ವಲ್ಪ ಹೆಚ್ಚೇ ಎಳೆಯುತ್ತದೆ. ಕ್ಲಾಸ್ ಎ ಆದರೆ ಯಾವಾಗಲೂ 400 ವ್ಯಾಟ್. ಕ್ಲಾಸ್ ಡಿ ಆ ಮಟ್ಟದಲ್ಲಿ ಶೇ. 80 ಎಂದು ಹಿಡಿದರೂ ಎಳೆಯುವುದು 31 ವ್ಯಾಟ್, ಶಾಖ ಬರೀ 6.

ನಮ್ಮ ಬಳಿ 12 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿ ಇದೆ. 480 ವ್ಯಾಟ್-ಅವರ್. ಬ್ಯಾಟರಿಯನ್ನು ಬರಿದು ಮಾಡಬಾರದು, ಇನ್ವರ್ಟರ್ ತಿನ್ನುವುದೂ ಉಂಟು, ಹಾಗಾಗಿ ಅರ್ಧಕ್ಕೆ ಹಿಡಿಯೋಣ. ಕ್ಲಾಸ್ ಎ 36 ನಿಮಿಷ. ಎಬಿ ಎರಡೂವರೆ ಗಂಟೆ. ಡಿ ಏಳು ಗಂಟೆಗೂ ಹೆಚ್ಚು. ನಮ್ಮ ಕಾರ್ಯಕ್ರಮ ನಾಲ್ಕು ಗಂಟೆಯದು, ಭಾಷಣಗಳು ಮಿತಿಯಲ್ಲಿದ್ದರೆ.

ಸಭೆ ಒಪ್ಪಿತು. ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ನೀವೂ ಕೊಳ್ಳಲು ಹೋದರೆ ಒಂದು ಮಾತು ನೆನಪಿಡಿ: ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ನಂಬಬೇಡಿ. ಆರ್‌ಎಂಎಸ್ ವ್ಯಾಟ್ ಎಷ್ಟು, ಎಷ್ಟು ಓಮ್ ಸ್ಪೀಕರಿಗೆ ಎಂದು ಕೇಳಿ. ಹಳೆಯ ಎಬಿಯನ್ನು ನಾವು ಮಾರಲಿಲ್ಲ. ಸಂಘದ ವಾಚನಾಲಯದಲ್ಲಿ ಸಂಜೆಯ ಹೊತ್ತು ಹಳೆಯ ಭಾವಗೀತೆಗಳನ್ನು ಕೇಳಿಸುತ್ತಿದೆ. ಮನೆಮಟ್ಟಿಗೆ ಅದರ ದನಿಗೇನೂ ಕೊರತೆಯಿಲ್ಲ.

ಈ ವರ್ಷ ಅಜ್ಜಿಯನ್ನು ಕರೆತರಲು ನಾನೂ ಖಜಾಂಚಿಗಳೂ ಅವರ ಮನೆಗೇ ಹೋದೆವು. ಬಂದರು. ನಿಂತುಹೋಗಿದ್ದ ಹಾಡನ್ನೇ ಮೊದಲಿನಿಂದ ಎತ್ತಿಕೊಂಡು ಮುಗಿಸಿದರು. ಇಳಿಯುವಾಗ ಪೆಟ್ಟಿಗೆ ಕಡೆ ಕೈ ತೋರಿಸಿ, "ಈ ಸಲ ಇದಕ್ಕ ಜ್ವರ ಬಂದಿಲ್ಲಲ್ಲಪಾ?" ಎಂದರು. ಮುಟ್ಟಿ ನೋಡಿದೆ, ಉಗುರುಬೆಚ್ಚಗಿತ್ತು.

ಅದರ ಮೇಲೆ ನಾನೊಂದು ಚೀಟಿ ಅಂಟಿಸಿದ್ದೇನೆ: "ಇಲ್ಲಿ ಶಾಲು ಇಡಬಾರದು." ಕ್ಲಾಸ್ ಯಾವುದಾದರೇನು, ಗಾಳಿ ಎಲ್ಲಕ್ಕೂ ಬೇಕು.