ಯಂತ್ರದ ಗುಮಾನಿ, ಬಡವರಿಗೆ ಸಜೆ

ಸರ್ಕಾರದ ಸವಲತ್ತು ಕದಿಯುವವರನ್ನು ಹಿಡಿಯಬೇಡಿ ಎಂದು ನಾವು ಹೇಳುವುದಿಲ್ಲ. ತೋಟ, ಕಾರು, ಸರ್ಕಾರಿ ಸಂಬಳ ಎಲ್ಲವೂ ಇದ್ದು ಬಿಪಿಎಲ್ ಕಾರ್ಡನ್ನೂ ಜೇಬಿನಲ್ಲಿಟ್ಟುಕೊಂಡವರು ಯಾವ ತಾಲ್ಲೂಕಿನಲ್ಲಿಲ್ಲ? ಅವರು ಒಯ್ಯುವ ಅಕ್ಕಿ ಬಡವರ ತಟ್ಟೆಯದು. ನಮ್ಮ ತಕರಾರು ಹಿಡಿಯುವ ರೀತಿಯ ಬಗ್ಗೆ ಮಾತ್ರ.

ಈಗ ಆ ಕೆಲಸ ಕಂಪ್ಯೂಟರಿನದು. ಪಡಿತರ ಚೀಟಿ, ಆಧಾರ್, ತೆರಿಗೆ, ವಾಹನ, ಜಮೀನು ಹೀಗೆ ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ತಾಳೆ ಹಾಕಿ, ಅನುಮಾನ ಬಂದವರನ್ನು ಅದು ಹೆಕ್ಕುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಸೇರಿಕೊಳ್ಳುತ್ತಿದೆ. ಆದರೆ ತಾಳೆ ಹಾಕುವುದು ಹೆಸರುಗಳನ್ನಲ್ಲವೇ? ಉರ್ದು, ಕನ್ನಡ ಎರಡನ್ನೂ ಓದಿದ ನಮಗೆ ಹೆಸರುಗಳ ಪಾಡು ಗೊತ್ತು. ಶಿಕಾರಿಪುರದಲ್ಲಿ ಅಡಿಕೆ ಸುಲಿಯುವ ಹೆಣ್ಣುಮಗಳೊಬ್ಬಳು ಒಂದು ಕಾಗದದಲ್ಲಿ ಫಾತಿಮಾ ಬಿ, ಇನ್ನೊಂದರಲ್ಲಿ ಫಾತಿಮಾಬೀ, ಮತ್ತೊಂದರಲ್ಲಿ ಪಾತೀಮ ಬಾನು ಆಗಿರುತ್ತಾಳೆ. ಸೊರಬದ ಕರಿಬಸಪ್ಪ ಬ್ಯಾಂಕಿನಲ್ಲಿ ಕರಿಬಸವಪ್ಪನಾಗುತ್ತಾನೆ. ಅಲ್ಲಮನ ಊರು ಬಳ್ಳಿಗಾವಿಯನ್ನೇ ನೋಡಿ: ಬಳ್ಳಿಗಾವೆ, ಬಳ್ಳಿಗ್ರಾಮೆ, ಬಳ್ಳಿಪುರ ಎಂದೆಲ್ಲ ಬರೆದಿದ್ದಾರೆ. ಅವು ಬೇರೆ ಬೇರೆ ಊರೆಂದು ಯಾವ ವಿದ್ವಾಂಸರೂ ತೀರ್ಪು ಕೊಡಲಿಲ್ಲ.

ನೆರೆಯ ತೆಲಂಗಾಣದಲ್ಲಿ 2014ರಿಂದ 2019ರ ನಡುವೆ 18 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ರದ್ದಾದವು. ಅಲ್ಲಿ ತಾಳೆ ಹಾಕುವ ವ್ಯವಸ್ಥೆಯ ಹೆಸರು 'ಸಮಗ್ರ ವೇದಿಕ'. ರಿಕ್ಷಾ ತುಳಿಯುತ್ತಿದ್ದ ಬಡವನೊಬ್ಬನಿಗೆ ಕಾರಿದೆ ಎಂದು ದಾಖಲೆ ಹೇಳಿತು. ಕಾರು ಅವನದಲ್ಲ, ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಬ್ಬರದು. ಅವನ ಹೆಂಡತಿ ವಿಧವೆಯಾದ ಮೇಲೂ ಅಕ್ಕಿಗಾಗಿ ಅಲೆಯಬೇಕಾಯಿತು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟು, ರದ್ದಾದ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು ಹೇಳಬೇಕಾಯಿತು. ಮೊದಲೇ ಮಾಡಬೇಕಾದ ಕೆಲಸವಲ್ಲವೇ ಇದು?

ನಮ್ಮಲ್ಲಿಯೂ 2024ರ ನವೆಂಬರಿನಲ್ಲಿ ಅನರ್ಹರೆಂದು ಅನೇಕರ ಬಿಪಿಎಲ್ ಕಾರ್ಡು ಎಪಿಎಲ್ ಆಯಿತು. ಗದ್ದಲವೆದ್ದ ಮೇಲೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಹಿಂತಿರುಗಿಸುವುದಾಗಿ ಸರ್ಕಾರವೇ ಹೇಳಿತು. ಗದ್ದಲವೇ ಏಳದಿದ್ದರೆ?

ಇದು ಬಡ ದೇಶದ ಕತೆ ಎನ್ನಬೇಡಿ. ನೆದರ್ಲೆಂಡಿನಲ್ಲಿ ಮಕ್ಕಳ ಪಾಲನೆಯ ನೆರವು ಪಡೆದ ಸಾವಿರಾರು ತಂದೆತಾಯಿಯರನ್ನು ಕಳ್ಳರೆಂದು ಕರೆದು ಹಣ ವಸೂಲು ಮಾಡಿದರು. ಅಪಾಯದ ಅಂಕ ಹಾಕುವ ಯಂತ್ರ, ಡಚ್ ಪೌರತ್ವವಿಲ್ಲದವರನ್ನು ಹೆಚ್ಚು ಅನುಮಾನಿಸುತ್ತಿತ್ತು. 2021ರ ಜನವರಿಯಲ್ಲಿ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು. ಯಂತ್ರಕ್ಕೆ ಧರ್ಮವಿಲ್ಲ, ಜಾತಿಯಿಲ್ಲ ಎನ್ನುವವರು ಇದನ್ನು ನೆನಪಿಡಲಿ. ಕಲಿಸಿದವರ ಪೂರ್ವಗ್ರಹವನ್ನೇ ಅದು ಲೆಕ್ಕ ಮಾಡಿ ಒಪ್ಪಿಸುತ್ತದೆ.

ಯಂತ್ರ ಗುಮಾನಿ ಪಡಲಿ, ಸಜೆ ಕೊಡುವುದು ಬೇಡ. ಕಾರ್ಡು ನಿಲ್ಲಿಸುವ ಮುನ್ನ ಕಾರಣವನ್ನು ಕನ್ನಡದಲ್ಲಿ ಬರೆದು ಮನೆಗೆ ಕಳಿಸಲಿ. ಅಧಿಕಾರಿ ಮನೆ ಬಾಗಿಲಿಗೆ ಹೋಗಿ ನೋಡಲಿ. ವಿಚಾರಣೆ ಮುಗಿಯುವ ತನಕ ಅಕ್ಕಿ ನಿಲ್ಲದಿರಲಿ. ತಪ್ಪನ್ನು ಸಾಬೀತು ಮಾಡುವ ಹೊಣೆ ದಫ್ತರದ್ದು, ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಮುಂದೆ ಸಾಲು ನಿಲ್ಲುವವಳದ್ದಲ್ಲ.

ಇನ್ನೊಂದು ಮಾತು. ಇಷ್ಟು ಚುರುಕಾದ ಯಂತ್ರವನ್ನು ಸುಳ್ಳು ಬಿಲ್ಲು ಬರೆಯುವ ಗುತ್ತಿಗೆದಾರರ ಕಡೆಗೂ, ಗೋದಾಮಿನಿಂದ ಅಕ್ಕಿ ಸಾಗಿಸುವವರ ಕಡೆಗೂ ಇಷ್ಟೇ ಉತ್ಸಾಹದಿಂದ ತಿರುಗಿಸಿ. ಆಗ ಇದು ಕಳ್ಳರನ್ನು ಹಿಡಿಯುವ ಕೆಲಸವೆಂದು ನಾವೂ ನಂಬುತ್ತೇವೆ.