ಓದಲಾಗದ ಕಲ್ಲು, ವೇಗದ ಓದು

ನಿಮಿಷಕ್ಕೆ ಸಾವಿರ ಪದ ಓದುವುದನ್ನು ಕಲಿಸುತ್ತೇವೆ ಎಂಬ ಜಾಹೀರಾತು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ರಾವಂದೂರಿನಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕನ ಮೊಬೈಲ್ ಫೋನಿಗೂ ಅದು ಬಂದು ತಲುಪುತ್ತದೆ. ಅದೇ ಪರದೆಯ ಮೇಲೆ ಇನ್ನೊಂದು ಸರಕೂ ಕಾಣಿಸುತ್ತದೆ: ಕ್ರೈಸ್ತಪೂರ್ವ ಯುರೋಪಿನ ‘ರೂನ್’ ಎಂಬ ಪ್ರಾಚೀನ ಲಿಪಿಯ ಅಕ್ಷರಗಳನ್ನು ಕೊರೆದ ಪುಟ್ಟ ಕಲ್ಲುಗಳು, ಅವುಗಳನ್ನು ಹಾಸಿ ಭವಿಷ್ಯ ನೋಡುವ ವಿಧಾನ, ಮರೆತುಹೋದ ದೇವತೆಗಳ ಕಥೆಗಳು. ಒಂದು ವೇಗದ ವಿದ್ಯೆ, ಇನ್ನೊಂದು ಗೂಢ ವಿದ್ಯೆ. ಮೇಲುನೋಟಕ್ಕೆ ಸಂಬಂಧವಿಲ್ಲದ ಇವೆರಡೂ ನೀಡುವ ಭರವಸೆ ಮಾತ್ರ ಒಂದೇ. ಅಕ್ಷರದ ಮುಂದೆ ತಾಳ್ಮೆಯಿಂದ ಕೂರದೆಯೇ ಅದರ ಫಲ ಕೈಗೆ ಸಿಗುತ್ತದೆ ಎಂಬುದೇ ಆ ಭರವಸೆ.

ಮೊದಲು ವೇಗದ ಮಾತನ್ನು ನೋಡೋಣ. ಅಮೆರಿಕದ ಯೂಟಾ ರಾಜ್ಯದ ಶಿಕ್ಷಕಿ ಎವೆಲಿನ್ ವುಡ್ 1959ರಲ್ಲಿ ಆರಂಭಿಸಿದ ತರಗತಿಗಳಿಂದ ಈ ವಿದ್ಯೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಪುಟದ ಮೇಲೆ ಕೈಯಾಡಿಸುತ್ತ, ಮನಸ್ಸಿನೊಳಗೆ ಪದಗಳನ್ನು ಉಚ್ಚರಿಸದೆ, ಇಡೀ ಸಾಲುಗಳನ್ನು ಒಂದೇ ನೋಟಕ್ಕೆ ಹಿಡಿಯಬಹುದು ಎಂಬುದು ಅದರ ತಿರುಳು. ಆದರೆ ನಮ್ಮ ಕಣ್ಣಿನ ರಚನೆ ಇದಕ್ಕೆ ಒಪ್ಪುವುದಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯದೆ ನೆಗೆನೆಗೆದು ಸಾಗುತ್ತದೆ. ಪ್ರತಿ ನೆಗೆತದ ಬಳಿಕ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಅಕ್ಷರಗಳು ನಿಚ್ಚಳವಾಗಿ ಕಾಣುವುದು ದೃಷ್ಟಿಯ ನಡುವಿನ ಸುಮಾರು 2 ಡಿಗ್ರಿಗಳ ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ. ಇಂಗ್ಲಿಷ್ ಓದಿನ ಕುರಿತ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್, ವಯಸ್ಕರು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದಗಳೆಂದು 2019ರಲ್ಲಿ ಲೆಕ್ಕ ಹಾಕಿದರು. ಅದಕ್ಕೂ ಮೊದಲು, 2016ರಲ್ಲಿ, ಕೀತ್ ರೇನರ್ ಮತ್ತು ಸಂಗಡಿಗರು ದಶಕಗಳ ಸಂಶೋಧನೆಯನ್ನು ಪರಾಮರ್ಶಿಸಿ, ವೇಗ ಹೆಚ್ಚಿದಂತೆ ಗ್ರಹಿಕೆ ಕುಗ್ಗುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಓದಿನ ವೇಗವನ್ನು ನಿಜವಾಗಿ ಹೆಚ್ಚಿಸುವುದು ಭಾಷಾಜ್ಞಾನ, ಪದಸಂಪತ್ತು ಮತ್ತು ವಿಷಯದ ಪೂರ್ವಪರಿಚಯ. ಬಹಳ ಓದಿದವನು ಬೇಗ ಓದುತ್ತಾನೆ. ಈ ಕ್ರಮವನ್ನು ತಿರುಗುಮುರುಗು ಮಾಡಲು ಬರುವುದಿಲ್ಲ.

ಹಾಗೆಂದು ಕಣ್ಣಾಡಿಸುವುದೇ ತಪ್ಪೆಂದಲ್ಲ. ಸುತ್ತೋಲೆ, ಪ್ರಶ್ನೆಪತ್ರಿಕೆ, ದಿನದ ಸುದ್ದಿ ಇವುಗಳಲ್ಲಿ ಬೇಕಾದುದನ್ನು ಹೆಕ್ಕಿ ಉಳಿದದ್ದನ್ನು ಬಿಡುವುದು ಜಾಣತನವೇ. ಆದರೆ ಹೆಕ್ಕುವುದನ್ನೇ ಓದು ಎಂದು ಕರೆಯತೊಡಗಿದಾಗ ತೊಂದರೆ ಆರಂಭವಾಗುತ್ತದೆ.

ಇನ್ನು ರೂನ್‌ಗಳ ವಿಚಾರ. ಈ ಲಿಪಿಯ ಹಳೆಯ ರೂಪದಲ್ಲಿ 24 ಅಕ್ಷರಗಳಿದ್ದವು. ರೂನ್ ಎಂಬ ಪದಕ್ಕೆ ‘ಗುಟ್ಟು’ ಎಂಬ ಅರ್ಥವಿದ್ದುದರಿಂದ, ಅದರ ಸುತ್ತ ಮಂತ್ರಮಾಯೆಗಳ ಬಲೆ ಹೆಣೆಯುವುದು ಸುಲಭವಾಯಿತು. ಇಂದು ಮಾರಾಟವಾಗುವ ಶಕುನದ ಕಲ್ಲುಗಳ ಬಳಕೆಯನ್ನು ಜನಪ್ರಿಯಗೊಳಿಸಿದ್ದು 1982ರಲ್ಲಿ ಪ್ರಕಟವಾದ ರಾಲ್ಫ್ ಬ್ಲಮ್ ಅವರ ಪುಸ್ತಕ. ಯಾವ ಪ್ರಾಚೀನ ಲಿಪಿಯಲ್ಲೂ ಇಲ್ಲದ ಖಾಲಿ ಕಲ್ಲೊಂದನ್ನೂ ಅದು ಆ ಗಂಟಿಗೆ ಸೇರಿಸಿತು! ಆದರೆ ಸ್ವೀಡನ್ ದೇಶದಲ್ಲಿ ಉಳಿದಿರುವ 2,500ಕ್ಕೂ ಹೆಚ್ಚು ರೂನ್ ಶಿಲೆಗಳು ಏನು ಹೇಳುತ್ತವೆ? ಅವುಗಳಲ್ಲಿ ಹೆಚ್ಚಿನವು 11ನೆಯ ಶತಮಾನದವು. ಅನೇಕ ಕಲ್ಲುಗಳ ಮೇಲೆ ಶಿಲುಬೆಯೂ ಇದೆ. ತಂದೆಯ ನೆನಪಿಗೆ ಮಗ, ಗಂಡನ ನೆನಪಿಗೆ ಹೆಂಡತಿ ಈ ಕಲ್ಲನ್ನು ನಿಲ್ಲಿಸಿದರು ಎಂಬುದೇ ಬಹುಪಾಲು ಬರಹಗಳ ಸಾರ. ಅಂದರೆ, ಅವು ಅವರ ವೀರಗಲ್ಲುಗಳು.

ಈ ಮಾತು ನಮ್ಮನ್ನು ನಮ್ಮ ಹೊಲಗಳಿಗೇ ಹಿಂದಿರುಗಿಸುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ಅಪರೂಪವೇನಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ, ಅದರ ನೆತ್ತಿಯಲ್ಲಿ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರಿನ ಮೇಲೆ ದಾಳಿಯಾದಾಗ ಹೋರಾಡಿ ಮಡಿದವನು, ಹುಲಿಯೊಡನೆ ಸೆಣಸಿದವನು, ಹೀಗೆ ಅರಮನೆಯ ಚರಿತ್ರೆಗೆ ಸೇರದ ಸಾಮಾನ್ಯರ ಹೆಸರುಗಳು ಅಲ್ಲಿವೆ. ಇಂದು ಆ ಕಲ್ಲುಗಳ ಗತಿಯೇನು? ಕೆಲವಕ್ಕೆ ಎಣ್ಣೆ, ಕುಂಕುಮ ಹಚ್ಚಿ ಮಾಸ್ತಮ್ಮನೆಂದೋ ಊರದೇವರೆಂದೋ ಪೂಜಿಸುತ್ತಾರೆ. ಇಂಥವು ಹೇಗೋ ಉಳಿಯುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಕಟ್ಟಡದ ಅಡಿಪಾಯ ಸೇರಿವೆ. ಎಲ್ಲಕ್ಕಿಂತ ದಾರುಣವಾದುದು ನಿಧಿಗಳ್ಳರ ಹಾವಳಿ. ಶಾಸನದ ಅಕ್ಷರಗಳಲ್ಲಿ ಹೂತಿಟ್ಟ ಹೊನ್ನಿನ ಗುಟ್ಟಿದೆಯೆಂದು ನಂಬಿ ಕಲ್ಲನ್ನೇ ಕಿತ್ತು, ಒಡೆದು ಹೋಗುವವರಿದ್ದಾರೆ. ಓದಲು ಬಾರದ ಅಕ್ಷರ ಮಂತ್ರವಾಗಿ ಕಾಣುತ್ತದೆ. ಈ ವಿಷಯದಲ್ಲಿ ಸ್ಟಾಕ್‌ಹೋಮಿಗೂ ರಾವಂದೂರಿಗೂ ವ್ಯತ್ಯಾಸವಿಲ್ಲ.

ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ಈ ಸೀಮೆಯದೇ ಒಂದು ನಿದರ್ಶನ ಸಾಕು. ರಾವಂದೂರಿನಿಂದ ಹುಣಸೂರು ದಾಟಿ ತೆಂಕಣಕ್ಕೆ ಹೋದರೆ ಹೆಗ್ಗಡದೇವನಕೋಟೆ ತಾಲ್ಲೂಕು. ಅಲ್ಲಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಸ್ವೀಡನ್ನಿನಲ್ಲಿ ರೂನ್ ಶಿಲೆಗಳು ಏಳುತ್ತಿದ್ದ ಕಾಲವೇ ಅದು. ಚೋಳರ ಆಳ್ವಿಕೆಯಲ್ಲಿ ಏಚನೆಂಬವನು ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದುದಕ್ಕಾಗಿ ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾಗುತ್ತಾನೆ. ಸುದ್ದಿ ಕೇಳಿದ ಅವನ ಪತ್ನಿ ದೇಕಬ್ಬೆ ಅಗ್ನಿಪ್ರವೇಶ ಮಾಡುತ್ತಾಳೆ. ವೇಗದ ಓದಿಗೆ ದಕ್ಕುವುದು ಇಷ್ಟೇ: ‘ಸತಿ ಹೋದವಳ ಶಾಸನ, 11ನೆಯ ಶತಮಾನ.’ ಪರೀಕ್ಷೆಯ ಟಿಪ್ಪಣಿಗೆ ಇದು ಸಾಕಾದೀತು. ಆದರೆ ಆ ಹಳಗನ್ನಡದ ಪದ್ಯಗಳ ಮುಂದೆ ನಿಂತು ಓದಿದವರಿಗೆ ಇನ್ನೊಂದು ದನಿ ಕೇಳಿಸುತ್ತದೆ. ಬೆಂಕಿಗೆ ಬೀಳಬೇಡವೆಂದು ಮಗಳನ್ನು ಅಂಗಲಾಚುವ ತಂದೆ ತಾಯಿ, ಬಂಧುಗಳ ದನಿ ಅದು. ಶಾಸನದ ಉದ್ದೇಶ ದೇಕಬ್ಬೆಯ ನಿಶ್ಚಲತೆಯನ್ನು ಕೊಂಡಾಡುವುದು. ಹಾಗಿದ್ದೂ ಕವಿ ಆ ನಿವಾರಣೆಯ ಮಾತನ್ನು ಬಿಟ್ಟಿಲ್ಲ. ಸಾವಿರ ವರ್ಷಗಳ ಹಿಂದೆಯೂ ಒಂದು ಮನೆ ತನ್ನ ಮಗಳನ್ನು ಉಳಿಸಿಕೊಳ್ಳಲು ಹೆಣಗಿತ್ತು ಎಂಬ ಸಾಕ್ಷ್ಯ ಕಲ್ಲಿನಲ್ಲಿದೆ. ಸಹಗಮನವನ್ನು ‘ನಮ್ಮ ಪರಂಪರೆ’ ಎಂದು ವೈಭವೀಕರಿಸುವವರಿಗೂ, ಅಂದಿನವರೆಲ್ಲ ನಿರ್ದಯಿಗಳಾಗಿದ್ದರು ಎನ್ನುವವರಿಗೂ ಅದು ಉತ್ತರ ಕೊಡುತ್ತದೆ. ಸಾರಾಂಶದಲ್ಲಿ ಮೊದಲು ಮಾಯವಾಗುವುದು ಇಂಥ ಮಾತೇ.

ಈ ಶಾಸನ ನಮಗೆ ದಕ್ಕಿದ್ದು ನಿಧಾನವಾಗಿ ಓದಿದವರಿಂದ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಮೈಸೂರು ಜಿಲ್ಲೆಯ ಎರಡನೆಯ ಭಾಗ 1898ರಲ್ಲಿ ಹೊರಬಂದಾಗ ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯ ಶಾಸನಗಳು ಅಚ್ಚಾದವು. ರೈಸರೊಡನೆ ದುಡಿದ ಪಂಡಿತರ ಶ್ರಮದಿಂದ ಆ ಮಾಲೆಯಲ್ಲಿ ಸುಮಾರು 9,000 ಶಾಸನಗಳು ಬೆಳಕು ಕಂಡವು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಗ್ರಂಥ ಲಿಪಿಯ ತಾಳೆಗರಿಯ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು ಕೂತು ಓದಿದ್ದರಿಂದ ಕೌಟಿಲ್ಯನ ‘ಅರ್ಥಶಾಸ್ತ್ರ’ 1909ರಲ್ಲಿ ಜಗತ್ತಿಗೆ ದೊರೆಯಿತು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಪ್ರಕಟಿಸಿದ ಹಲ್ಮಿಡಿ ಶಾಸನದಲ್ಲಿರುವುದು ಕೇವಲ 16 ಸಾಲು. ಅದರ ಕಾಲ, ಪಾಠ, ಅರ್ಥಗಳ ಕುರಿತು ವಿದ್ವಾಂಸರ ಚರ್ಚೆ ದಶಕಗಳವರೆಗೆ ನಡೆಯಿತು. ಸ್ವೀಡನ್ನಿನ ರೋಕ್ ಶಿಲೆಯ ಸುಮಾರು 760 ರೂನ್ ಅಕ್ಷರಗಳಿಗೆ ವಿದ್ವಾಂಸರು 2020ರಲ್ಲಿಯೂ ಹೊಸ ವ್ಯಾಖ್ಯಾನ ಮಂಡಿಸಿದರು. ನಿಮಿಷಕ್ಕೆ ಸಾವಿರ ಪದದವರು ಇವೆರಡನ್ನೂ ಒಂದೇ ಉಸಿರಿಗೆ ಮುಗಿಸಿಯಾರು. ಆದರೆ ಅವರ ಕೈಗೆ ಸಿಗುವುದೇನು?

ಚಿಂತೆಯ ಸಂಗತಿಯೆಂದರೆ, ಇಂಥ ಓದುಗರ ಸಂಖ್ಯೆ ಇಳಿಯುತ್ತಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ 1966ರಿಂದ ಮೈಸೂರಿನಲ್ಲಿಯೇ ಇದೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಹೀಗಿದ್ದರೂ ಕನ್ನಡ ಎಂ.ಎ. ಮುಗಿಸಿದ ಬಹಳಷ್ಟು ಮಂದಿಗೆ ತಮ್ಮ ಊರ ಬಾಗಿಲಿನ ಹೊಯ್ಸಳರ ಕಾಲದ ಬರಹ ಓದಲು ಬಾರದು. ಇದಕ್ಕೆ ದೊಡ್ಡ ಯೋಜನೆ, ದೊಡ್ಡ ಅನುದಾನ ಬೇಕಿಲ್ಲ. ಪ್ರೌಢಶಾಲೆಯ ಕನ್ನಡ ಶಿಕ್ಷಕರಿಗೆ ಹದಿನೈದು ದಿನಗಳ ಲಿಪಿ ತರಬೇತಿ ಕೊಡಬಹುದು. ಗ್ರಾಮ ಪಂಚಾಯಿತಿಗಳು ತಮ್ಮ ವ್ಯಾಪ್ತಿಯ ಕಲ್ಲುಗಳ ಪಟ್ಟಿ ಮಾಡಿ, ಅಚ್ಚಾದ ಪಾಠವನ್ನು ಹೊಸಗನ್ನಡದಲ್ಲಿ ಬರೆಸಿ ಪಕ್ಕದಲ್ಲಿ ನಿಲ್ಲಿಸಬಹುದು. ಈ ಶಾಸನದಲ್ಲಿ ನಿಧಿಯ ಸುಳಿವಿಲ್ಲ, ಇಂಥವನ ಸಾವಿನ ನೆನಪಿದೆ ಎಂದು ಊರಿಗೆ ಗೊತ್ತಾದರೆ ಆ ತಿಳಿವಳಿಕೆಯೇ ಕಲ್ಲಿಗೆ ಕಾವಲಾಗುತ್ತದೆ. ಬೆಂಗಳೂರಿನಲ್ಲಿ ಶಾಸನಾಸಕ್ತ ನಾಗರಿಕರೇ ಹೊರಟು, ಕಟ್ಟಡಗಳ ನಡುವೆ ಹುದುಗಿದ್ದ ಕಲ್ಲುಗಳನ್ನು ಹುಡುಕಿ ಉಳಿಸಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಇದಕ್ಕೆ ಸಾಕ್ಷಿ. ರಾಜಧಾನಿಯಲ್ಲಿ ಸಾಧ್ಯವಾದದ್ದು ಹೋಬಳಿಯಲ್ಲಿ ಏಕೆ ಆಗದು?

ರಾವಂದೂರಿನ ಯುವಕ ಪರೀಕ್ಷೆಗಾಗಿ ಬೇಗ ಓದುವುದನ್ನು ರೂಢಿಸಿಕೊಳ್ಳಲಿ, ಕುತೂಹಲವಿದ್ದರೆ ರೂನ್‌ಗಳನ್ನೂ ಕಲಿಯಲಿ. ಅದರ ಜೊತೆಗೆ ತನ್ನ ಸೀಮೆಯ ಕಲ್ಲಿನ ಮುಂದೆ ಅರ್ಧ ದಿನ ಕುಳಿತು, ಒಂದು ಸಾಲನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಲು ಅವನಿಗೆ ಯಾರಾದರೂ ಕಲಿಸಬೇಕು. ಕಲಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಷ್ಟು ದಿನ ಇರುತ್ತಾರೆ ಎಂಬುದೇ ಪ್ರಶ್ನೆ.