ಹೆನ್ರಿ ಫಾಸೆಟ್ ಮಹಾಶಯರು

ಮನೆಗೆ ಬಂದ ಅತಿಥಿಗೆ ಔತಣವಿಕ್ಕಿ, ಅದರ ವೆಚ್ಚವನ್ನು ನೆರೆಮನೆಯ ಬಡವನ ಲೆಕ್ಕಕ್ಕೆ ಬರೆಯಿಸುವ ಗೃಹಸ್ಥನನ್ನು ನಾವು ಏನೆಂದು ಕರೆದೇವು? 1867ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ಇಂತಹುದೇ ಒಂದು ಪ್ರಸಂಗವು ನಡೆಯಿತು. ತುರ್ಕಿಯ ಸುಲ್ತಾನನಾದ ಅಬ್ದುಲ್ ಅಜೀಜನು ಅಲ್ಲಿಗೆ ಬಂದಾಗ, ಇಂಡಿಯಾ ಆಫೀಸಿನಲ್ಲಿ ಆತನ ಗೌರವಾರ್ಥವಾಗಿ ವೈಭವದ ನರ್ತನಕೂಟವೊಂದು ಜರಗಿತು. ಖರ್ಚು ಮಾತ್ರ ನಮ್ಮ ದೇಶದ ಬೊಕ್ಕಸದ ತಲೆಯ ಮೇಲೆ ಬಿದ್ದಿತು. ಈ ಅನ್ಯಾಯವನ್ನು ಪಾರ್ಲಿಮೆಂಟಿನಲ್ಲಿ ಎತ್ತಿ ಆಡಿದವರು, ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ಹೆನ್ರಿ ಫಾಸೆಟ್ ಎಂಬ ಮಹನೀಯರು. ಅವರ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ಫಾಸೆಟರು 1833ರಲ್ಲಿ ಸಾಲ್ಸ್‌ಬರಿ ಎಂಬ ಊರಿನ ಜವಳಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು; ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿದರು. 1858ರಲ್ಲಿ ತಂದೆಯೊಡನೆ ಬೇಟೆಗೆ ಹೋಗಿದ್ದಾಗ, ತಂದೆಯ ಬಂದೂಕಿನಿಂದಲೇ ಹಾರಿದ ಗುಂಡಿನ ಚೂರುಗಳು ಮಗನ ಕಣ್ಣುಗಳನ್ನು ಹೊಕ್ಕವು. ಆಗ ಅವರಿಗೆ ಇಪ್ಪತ್ತೈದೇ ವರ್ಷ. ಹಿಂದಿನಂತೆಯೇ ಬಾಳಬೇಕೆಂದು ಹತ್ತು ನಿಮಿಷದೊಳಗಾಗಿ ನಿಶ್ಚಯಿಸಿಕೊಂಡರಂತೆ. ಕುದುರೆಯ ಸವಾರಿಯನ್ನಾಗಲಿ, ಮೀನು ಹಿಡಿಯುವುದನ್ನಾಗಲಿ, ಹಿಮದ ಮೇಲೆ ಜಾರುವ ಆಟವನ್ನಾಗಲಿ ಅವರು ಬಿಡಲಿಲ್ಲ. 1863ರಲ್ಲಿ ಕೇಂಬ್ರಿಜ್ಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1865ರಲ್ಲಿ ಬ್ರೈಟನ್ ಕ್ಷೇತ್ರದಿಂದ ಪಾರ್ಲಿಮೆಂಟನ್ನು ಪ್ರವೇಶಿಸಿದರು.

ಅಬಿಸೀನಿಯಾದ ಮೇಲೆ ದಂಡೆತ್ತಿ ಹೋದ ಭಾರತೀಯ ಸೈನ್ಯದ ಸಂಬಳವನ್ನು ನಮ್ಮ ದೇಶವೇ ಹೊರಬೇಕೆಂದಾಗಲೂ ಅವರು ವಿರೋಧಿಸಿದರು. ನಮ್ಮವರಾರಿಗೂ ಅವರಿಗೆ ಮತ ನೀಡುವ ಹಕ್ಕಿರಲಿಲ್ಲ. ಅವರನ್ನು ಆರಿಸಿದವರಿಗೋ ನಮ್ಮ ಸುಖದುಃಖಗಳ ಪರಿವೆಯಿರಲಿಲ್ಲ. ಆದರೂ ಇಂಡಿಯಾದ ಆಯವ್ಯಯದ ಪಟ್ಟಿಯನ್ನು ಬೇರೊಬ್ಬರಿಂದ ಓದಿಸಿ ಕೇಳಿ, ಅಂಕಿಗಳನ್ನು ನೆನಪಿನಲ್ಲಿಟ್ಟು ವಾದಿಸುತ್ತಿದ್ದರು. ಜನರು ಅವರನ್ನು ‘ಇಂಡಿಯಾದ ಸದಸ್ಯರು’ ಎಂದೇ ಕರೆಯತೊಡಗಿದರು. 1874ರಲ್ಲಿ ಬ್ರೈಟನ್ನಿನಲ್ಲಿ ಸೋತಾಗ, ನಮ್ಮ ದೇಶದ ಜನರು ಚಂದಾ ಎತ್ತಿ ಅವರ ಮುಂದಿನ ಚುನಾವಣೆಗಾಗಿ ಹಣ ಕಳುಹಿಸಿದರು. ಅದೇ ವರ್ಷ ಹ್ಯಾಕ್ನಿಯಿಂದ ಗೆದ್ದು, ಕಡೆಯವರೆಗೂ ಸದಸ್ಯರಾಗಿಯೇ ಉಳಿದರು. ಆಂಗ್ಲರ ಆಳ್ವಿಕೆಯು ತೊಲಗಬೇಕೆಂದು ಅವರು ಕೇಳಿದವರಲ್ಲವೆಂಬುದನ್ನೂ ಮರೆಮಾಚಲಾಗದು. ಅವರು ಕೇಳಿದುದು ನ್ಯಾಯವಾದ ಲೆಕ್ಕವನ್ನು.

1880ರಲ್ಲಿ ಅವರು ಬ್ರಿಟನ್ನಿನ ಅಂಚೆ ಇಲಾಖೆಯ ಮುಖ್ಯಾಧಿಕಾರಿಯಾದರು. ಬಡವರು ಒಂದೊಂದು ಪೆನ್ನಿಯ ಅಂಚೆಚೀಟಿಯನ್ನು ಕಾಗದಕ್ಕೆ ಅಂಟಿಸುತ್ತ, ಹನ್ನೆರಡಾದೊಡನೆ ಒಂದು ಷಿಲ್ಲಿಂಗನ್ನು ಉಳಿತಾಯದ ಖಾತೆಗೆ ಸೇರಿಸುವ ಏರ್ಪಾಡನ್ನು ಮಾಡಿದರು. 1883ರಲ್ಲಿ ಪಾರ್ಸೆಲ್ ಅಂಚೆಯು ಆರಂಭವಾಯಿತು. ಇಲಾಖೆಯಲ್ಲಿ ಸ್ತ್ರೀಯರಿಗೆ ಉದ್ಯೋಗ ಕೊಡುವುದರಲ್ಲಿಯೂ ಅವರಿಗೆ ಬಹಳ ಆಸ್ಥೆಯಿದ್ದಿತು.

ನಮ್ಮ ಸೋದರಿಯರು ಅವರ ಗೃಹಜೀವನವನ್ನೂ ಅರಿಯತಕ್ಕುದು. 1867ರಲ್ಲಿ ಅವರು ಹತ್ತೊಂಬತ್ತು ವರ್ಷದ ಮಿಲಿಸೆಂಟ್ ಗ್ಯಾರೆಟ್ ಎಂಬವರನ್ನು ವಿವಾಹವಾದರು. ಪತಿಗೆ ಓದಿ ಹೇಳಿ, ಅವರ ಮಾತುಗಳನ್ನು ಬರೆದುಕೊಂಡು ನೆರವಾದ ಆಕೆ, ಮುಂದೆ ಸ್ತ್ರೀಯರ ಮತಾಧಿಕಾರಕ್ಕಾಗಿ ದಶಕಗಳ ಕಾಲ ಶ್ರಮಿಸಿದರು. ಪುರುಷರೊಡನೆ ಸಮಾನವಾದ ಮತಾಧಿಕಾರವು 1928ರಲ್ಲಿ ದೊರೆತುದನ್ನು ಕಣ್ಣಾರೆ ಕಂಡು, ಮರುವರ್ಷ ತೀರಿಕೊಂಡರು. ಮಗಳು ಫಿಲಿಪ್ಪಾ 1890ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಪುರುಷರಲ್ಲಿ ಮೊದಲಿಗನಾದವನನ್ನೂ ಮೀರಿಸಿದಳು. ಆ ಸಂತೋಷವನ್ನು ಅನುಭವಿಸಲು ತಂದೆಯಿರಲಿಲ್ಲ. ಫಾಸೆಟರು ಅಧಿಕಾರದಲ್ಲಿದ್ದಾಗಲೇ, 1884ನೆಯ ನವೆಂಬರ್ 6ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ಕಾಲವಾದರು. ಮರುವರ್ಷವೇ ನಮ್ಮಲ್ಲಿ ಕಾಂಗ್ರೆಸ್ ಮಹಾಸಭೆಯು ಜನ್ಮತಾಳಿತು.

ಹಣ ಕೊಡುವವನು ಎದುರಿಗಿದ್ದಾಗ ಲೆಕ್ಕವನ್ನು ಸರಿಯಾಗಿಡುವುದು ದೊಡ್ಡದಲ್ಲ. ಅವನು ಸಾವಿರಾರು ಮೈಲಿಗಳಾಚೆ, ಬಾಯಿಲ್ಲದವನಾಗಿ ಇರುವಾಗ ಅವನ ಪರವಾಗಿ ಲೆಕ್ಕ ಕೇಳುವವನೇ ದೊಡ್ಡವನು. ಊರಿನ ಸಂಘವಾಗಲಿ, ದೇವಸ್ಥಾನವಾಗಲಿ, ಮನೆಯ ಪೆಟ್ಟಿಗೆಯಾಗಲಿ, ಪರರ ಹಣವು ನಮ್ಮ ಕೈಯಲ್ಲಿರುವಾಗ ಈ ಮಹಾಶಯರನ್ನು ಒಮ್ಮೆ ನೆನೆಯೋಣ.